ಆಳದ ರಂಧ್ರದೊಳಗಿನ ಸೆಕ್ಯೂರಿಟಿ ಸ್ಕ್ರೂ: ಮನೆಯ ಉಪಕರಣ ಬಿಚ್ಚುವಾಗಿನ ತೊಡಕುಗಳು ಮತ್ತು ನಿವಾರಣೆ

ನಮ್ಮ ಮನೆಯ ಬ್ರೆಡ್ ಟೋಸ್ಟರಿನ ಲಿವರನ್ನು ಒತ್ತಿದರೆ ಅದು ಕೆಳಗೆ ನಿಲ್ಲುತ್ತಿರಲಿಲ್ಲ; ಕೈ ತೆಗೆದೊಡನೆ ಮೇಲಕ್ಕೆ ಚಿಮ್ಮುತ್ತಿತ್ತು. ಬಿಚ್ಚಿ ನೋಡೋಣವೆಂದು ಬೋರಲು ಹಾಕಿದಾಗ ನಾಲ್ಕು ಕಾಲುಗಳಲ್ಲೂ ಒಂದೊಂದು ಕಿರಿದಾದ ರಂಧ್ರ ಕಂಡಿತು. ಟಾರ್ಚ್ ಹಿಡಿದು ಇಣುಕಿದರೆ ತೀರಾ ತಳದಲ್ಲಿ ಸ್ಕ್ರೂವಿನ ತಲೆ ಮಿನುಗುತ್ತಿತ್ತು, ಆದರೆ ಅದರ ಮೇಲೆ ನಾವು ದಿನವೂ ನೋಡುವ ಪ್ಲಸ್ ಗುರುತಿನ ಬದಲು ಪುಟ್ಟದೊಂದು ತ್ರಿಕೋನದ ಕುಳಿಯಿತ್ತು. ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ ಇಂಥ ತಲೆಯ ಸ್ಕ್ರೂವನ್ನೇ ಸೆಕ್ಯೂರಿಟಿ ಸ್ಕ್ರೂ ಎನ್ನುವುದು. ಇಂಥ ಸಂದರ್ಭದಲ್ಲಿ ಎಲ್ಲರ ಗಮನವೂ ಆ ವಿಚಿತ್ರ ತಲೆಯ ಮೇಲೆಯೇ ಹೋಗುತ್ತದೆ. ಅಂಗಡಿಗೆ ಹೋಗಿ ನೂರು ಬಿಟ್‌ಗಳ (ಹಿಡಿಕೆಗೆ ಸಿಕ್ಕಿಸುವ ಬಿಡಿ ತುದಿಗಳ) ಪೆಟ್ಟಿಗೆ ತಂದು, ಸರಿಯಾದ ತ್ರಿಕೋನದ ಬಿಟ್ಟನ್ನು ಹುಡುಕಿ ಹಿಡಿಕೆಗೆ ಸಿಕ್ಕಿಸಿ, ರಂಧ್ರಕ್ಕೆ ಇಳಿಸಲು ಹೋದಾಗ ಹಿಡಿಕೆಯ ಮೂತಿ ರಂಧ್ರದ ಬಾಯಲ್ಲೇ ತಡೆಯುತ್ತದೆ. ನನ್ನ ಅನುಭವದಲ್ಲಿ ಈ ಬಗೆಯ ಸ್ಕ್ರೂಗಳನ್ನು ಕಷ್ಟವಾಗಿಸುವುದು ತಲೆಯ ಆಕಾರಕ್ಕಿಂತ ಹೆಚ್ಚಾಗಿ ರಂಧ್ರದ ಅಗಲ ಮತ್ತು ಆಳ. ಆದ್ದರಿಂದ ಈ ಕೈಪಿಡಿಯಲ್ಲಿ ಅಳತೆಗೆ ಮೊದಲ ಸ್ಥಾನ, ಆಕಾರಕ್ಕೆ ಎರಡನೆಯದು.

ಬಿಚ್ಚುವ ಅಗತ್ಯ ನಿಜವಾಗಿಯೂ ಇದೆಯೇ?

ಸ್ಕ್ರೂವಿಗೆ ಕೈ ಹಾಕುವ ಮೊದಲು ದೋಷ ಉಪಕರಣದ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಬಹುತೇಕ ಟೋಸ್ಟರುಗಳಲ್ಲಿ ಲಿವರನ್ನು ಕೆಳಗೆ ಹಿಡಿದಿಡುವುದು ಒಂದು ಸಣ್ಣ ವಿದ್ಯುತ್ಕಾಂತ. ವಿದ್ಯುತ್ ಬಾರದಿದ್ದರೆ ಆ ಕಾಂತಕ್ಕೆ ಸೆಳೆತವಿರುವುದಿಲ್ಲ, ಲಿವರ್ ನಿಲ್ಲುವುದೂ ಇಲ್ಲ. ಹೀಗಾಗಿ ಕೆಟ್ಟಂತೆ ಕಾಣುವ ಲಿವರಿಗೆ ಕಾರಣ ಗೋಡೆಯ ಸಾಕೆಟ್ಟಿನಲ್ಲೇ ಇರಬಹುದು. ಬೇರೊಂದು ಸಾಕೆಟ್ಟಿನಲ್ಲಿ ಹಾಕಿ ನೋಡಿದ ಮೇಲೆ ಪ್ಲಗ್ಗನ್ನು ಕಿತ್ತು, ಟೋಸ್ಟರ್ ಪೂರ್ತಿ ಆರಿದ ನಂತರ, ಕೆಳಗಿನ ತಟ್ಟೆಯನ್ನು ಹೊರಗೆಳೆದು, ಬೋರಲು ಹಾಕಿ ಮೆಲ್ಲಗೆ ತಟ್ಟಿ ಬ್ರೆಡ್ಡಿನ ಪುಡಿಯನ್ನೆಲ್ಲ ಉದುರಿಸಬೇಕು. ಕಾಂತ ಮತ್ತು ಅದಕ್ಕೆ ಅಂಟುವ ಕಬ್ಬಿಣದ ಪಟ್ಟಿಯ ನಡುವೆ ಒಂದು ಚೂರು ಸಿಕ್ಕಿಕೊಂಡಿದ್ದರೂ ಲಿವರ್ ನಿಲ್ಲದು. ಎಷ್ಟೋ ಟೋಸ್ಟರುಗಳ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ಅಷ್ಟರಲ್ಲೂ ಸರಿಹೋಗದಿದ್ದರೆ ಮಲ್ಟಿಮೀಟರನ್ನು ಓಮ್ ಅಳೆಯುವ ಕಡೆಗೆ ತಿರುಗಿಸಿ, ಕಿತ್ತಿಟ್ಟ ಪ್ಲಗ್ಗಿನ ಎರಡು ಸಣ್ಣ ಪಿನ್‌ಗಳ ನಡುವೆ ಅಳೆಯಬೇಕು. ಲಿವರ್ ಮೇಲಿದ್ದಾಗ ಏನೂ ತೋರಿಸಬಾರದು. ಲಿವರನ್ನು ಕೆಳಗೆ ಒತ್ತಿ ಹಿಡಿದಾಗ, 800 ವ್ಯಾಟಿನ ಟೋಸ್ಟರ್ ಆದರೆ 66 ಓಮ್‌ನ ಆಸುಪಾಸು ತೋರಿಸಬೇಕು. ಲೆಕ್ಕ ಸುಲಭ: 230ನ್ನು 230ರಿಂದ ಗುಣಿಸಿ, ಬಂದದ್ದನ್ನು ವ್ಯಾಟಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ಇದೇ ಲೆಕ್ಕದಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ ಸುಮಾರು 53, 1500 ವ್ಯಾಟಿನ ಕೆಟಲಿಗೆ ಸುಮಾರು 35 ಓಮ್ ಬರಬೇಕು. ನನ್ನ ಟೋಸ್ಟರಿನಲ್ಲಿ ಲಿವರ್ ಒತ್ತಿದಾಗಲೂ ಮೀಟರ್ ಅಲುಗಲಿಲ್ಲ. ಅಂದರೆ ವಯರು, ಒಳಗಿನ ಕಾಂಟ್ಯಾಕ್ಟ್ ಅಥವಾ ಕಾಯುವ ತಂತಿ, ಈ ಮೂರರಲ್ಲಿ ಒಂದು ಕಡಿದಿದೆ ಎಂದಾಯಿತು. ಬಿಚ್ಚದೆ ಬೇರೆ ದಾರಿಯಿರಲಿಲ್ಲ.

ಮಿಕ್ಸಿಯ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಹೊರೆ ಹೆಚ್ಚಾಗಿ ನಿಂತ ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿದರೆ ಸಾಕಾಗುವ ಕಡೆ, ಗುಂಡಿಯ ಪಕ್ಕದಲ್ಲೇ ಇರುವ ಸ್ಕ್ರೂಗಳನ್ನು ಬಿಚ್ಚಿ ತಲೆ ಸವೆಸಿಕೊಂಡವರನ್ನು ಕಂಡಿದ್ದೇನೆ.

ಸುರಕ್ಷತೆ

ವಿದ್ಯುತ್ ಹರಿಯುವ ಭಾಗಗಳು ಸಲಕರಣೆಯ ನೆರವಿಲ್ಲದೆ ಬರಿಗೈಗೆ ಸಿಗದಂತಿರಬೇಕು ಎಂಬುದು ಮನೆಬಳಕೆಯ ವಿದ್ಯುತ್ ಉಪಕರಣಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 302ರ ಮೂಲ ಆಶಯಗಳಲ್ಲೊಂದು. ಸಾಮಾನ್ಯ ಪ್ಲಸ್ ಸ್ಕ್ರೂ ಕೂಡ ಈ ಆಶಯವನ್ನು ಪೂರೈಸುತ್ತದೆ. ತ್ರಿಕೋನದ ತಲೆಯನ್ನು ಆರಿಸಿಕೊಳ್ಳುವುದು ತಯಾರಕರ ಇಷ್ಟ. ಹಾಗಿದ್ದರೂ ಆ ತಲೆಯ ಹಿಂದೆ ಅಪಾಯವಿಲ್ಲವೆಂದು ತಿಳಿಯಬಾರದು. ನಮ್ಮ ಗೋಡೆಯ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ ಉಪಕರಣದೊಳಗೆ 230 ವೋಲ್ಟ್ ಉಳಿದಿರುತ್ತದೆ. ಹಾಗಾಗಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಎದುರಿಗಿಟ್ಟುಕೊಳ್ಳಬೇಕು.

ಪ್ಲಗ್ ಕಿತ್ತರೂ ಅಪಾಯ ಕಳೆಯದ ಉಪಕರಣಗಳಿವೆ. ಮೈಕ್ರೋವೇವ್ ಓವನ್ನಿನ ಕೆಪಾಸಿಟರ್ ಸುಮಾರು 2000 ವೋಲ್ಟಿನಷ್ಟು ಒತ್ತಡದಲ್ಲಿ ಕೆಲಸ ಮಾಡುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಮೈಕ್ರೋವೇವ್ ಕವಚದಲ್ಲಿ ಒಂದು ವಿಚಿತ್ರ ಸ್ಕ್ರೂ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ತರಬೇತಿ ಪಡೆದವರಿಗೆ ಒಪ್ಪಿಸುವುದು ಸರಿ. ಈ ಕೈಪಿಡಿ ಆ ಯಂತ್ರಕ್ಕಲ್ಲ. ಇಂಡಕ್ಷನ್ ಒಲೆಯೊಳಗೂ 230 ವೋಲ್ಟ್ ಎಸಿ ನೇರವಾಗಿ ಡಿಸಿಯಾಗಿ ಬದಲಾಗಿ ಸುಮಾರು 325 ವೋಲ್ಟಿನ ಶಿಖರ ತಲುಪುವುದರಿಂದ ಅದನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ವಾರಂಟಿ ಇನ್ನೂ ಇರುವ ಉಪಕರಣವನ್ನು ಬಿಚ್ಚುವುದು ಜಾಣತನವಲ್ಲ. ವಾರಂಟಿ ಮುಗಿದಿದ್ದರೆ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ರೈಟ್ ಟು ರಿಪೇರ್ ಪೋರ್ಟಲ್‌ನಲ್ಲಿ ತಯಾರಕರ ರಿಪೇರಿ ಮಾಹಿತಿ ಇದೆಯೇ ಎಂದು ಒಮ್ಮೆ ನೋಡಬಹುದು.

ಸ್ಕ್ರೂ ಎಲ್ಲಿ ಅಡಗಿದೆ?

ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದರೂ ಕವಚ ಬಿಡದಿದ್ದರೆ ಬಲ ಹಾಕಬಾರದು. ಇನ್ನೊಂದು ಸ್ಕ್ರೂ ಎಲ್ಲೋ ಇದೆ ಎಂದೇ ತಿಳಿಯಬೇಕು. ತಳದ ರಬ್ಬರ್ ಬುಡಗಳ ಕೆಳಗೆ, ಮಾದರಿ ಸಂಖ್ಯೆಯ ಸ್ಟಿಕ್ಕರಿನ ಅಡಿಯಲ್ಲಿ, ಕವಚದ ಬಣ್ಣದ್ದೇ ಆದ ಸಣ್ಣ ಪ್ಲಾಸ್ಟಿಕ್ ಬಿರಡೆಯ ಹಿಂದೆ, ತಿರುಗಿಸುವ ನಾಬ್‌ನ ಕೆಳಗೆ ಹುಡುಕಬೇಕು. ಸ್ಟಿಕ್ಕರಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಸವರಿಕೊಂಡು ಹೋದರೆ ಕೆಳಗೆ ರಂಧ್ರವಿರುವ ಕಡೆ ಉಗುರು ತಗ್ಗಿಗೆ ಇಳಿದದ್ದು ತಿಳಿಯುತ್ತದೆ. ಹೇರ್ ಡ್ರೈಯರಿನಲ್ಲಿ ಹಿಡಿಕೆಯ ಬುಡದಲ್ಲಿಯೂ, ಸ್ಟೀಮ್ ಇಸ್ತ್ರಿಯಲ್ಲಿ ವಯರ್ ಒಳಹೋಗುವ ಹಿಂಬದಿಯ ಮುಚ್ಚಳದಲ್ಲಿಯೂ ಇವು ಹೆಚ್ಚಾಗಿ ಸಿಗುತ್ತವೆ. ಸ್ಕ್ರೂ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಕವಚ ಪ್ಲಾಸ್ಟಿಕ್ ಕೊಂಡಿಗಳಿಂದ ಹಿಡಿದುಕೊಂಡಿರಬಹುದೆಂದು ಊಹಿಸಿ, ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಯಲ್ಲಿ ತೂರಿಸಿ ನೋಡಬಹುದು.

ರಂಧ್ರದ ಅಳತೆ

ಇಲ್ಲಿಂದ ಮುಂದಿನದನ್ನು ಅವಸರವಿಲ್ಲದೆ ಮಾಡಬೇಕು. ಮೊದಲು ಆಳ. ತೆಂಗಿನ ಗರಿಯ ಕಡ್ಡಿಯನ್ನು ಅಥವಾ ಉರಿದುಳಿದ ಊದಿನಕಡ್ಡಿಯನ್ನು ರಂಧ್ರಕ್ಕೆ ಇಳಿಸಿ, ತಲೆಗೆ ತಾಗಿದಾಗ ಕವಚದ ಮಟ್ಟಕ್ಕೆ ಉಗುರಿನಿಂದ ಹಿಡಿದು ಹೊರತೆಗೆದು ಅಳತೆಪಟ್ಟಿಯ ಮೇಲಿಟ್ಟರಾಯಿತು. ನನ್ನ ಟೋಸ್ಟರಿನಲ್ಲಿ ಅದು 50 ಮಿ.ಮೀ. ಬಂತು. ನಾಲ್ಕು ರಂಧ್ರಗಳನ್ನೂ ಅಳೆಯಬೇಕು, ಏಕೆಂದರೆ ಒಂದೇ ಕವಚದಲ್ಲಿ ಎರಡು ಬಗೆಯ ಆಳವಿರುವುದು ಸಾಮಾನ್ಯ.

ಆಮೇಲೆ ಅಗಲ. ಮಾರುಕಟ್ಟೆಯಲ್ಲಿ ಸಿಗುವ ಬಿಟ್‌ಗಳಲ್ಲಿ ಹೆಚ್ಚಿನವು ಕಾಲು ಇಂಚಿನ ಷಟ್ಕೋನದ ಬುಡ ಉಳ್ಳವು. ಎದುರುಬದುರು ಮುಖಗಳ ನಡುವೆ 6.35 ಮಿ.ಮೀ. ಇರುವ ಈ ಬುಡ ಮೂಲೆಯಿಂದ ಮೂಲೆಗೆ 7.3 ಮಿ.ಮೀ. ದಾಟುತ್ತದೆ, ಅದನ್ನು ಹಿಡಿಯುವ ಹೋಲ್ಡರಿನ ಹೊರಸುತ್ತು ಇನ್ನೂ ದಪ್ಪ. ರಂಧ್ರದ ಬಾಯಿ 6 ಅಥವಾ 7 ಮಿ.ಮೀ. ಇದ್ದರೆ ಹೋಲ್ಡರ್ ಹೋಗಲಿ, ಬಿಟ್ಟಿನ ಬುಡವೂ ಒಳಗೆ ಇಳಿಯದು. ಇದನ್ನು ಅಂಗಡಿಗೆ ಹೋಗುವ ಮುನ್ನವೇ ತಿಳಿಯಲು ವರ್ನಿಯರ್ ಬೇಕಿಲ್ಲ, ಮಕ್ಕಳ ಪೆನ್ಸಿಲ್ ಸಾಕು. ಸಾಮಾನ್ಯ ಆರು ಮೂಲೆಯ ಪೆನ್ಸಿಲ್ ಮುಖದಿಂದ ಮುಖಕ್ಕೆ 7 ಮಿ.ಮೀ.ನಷ್ಟಿರುತ್ತದೆ. ಕೆತ್ತದ ಬದಿಯಿಂದ ಪೆನ್ಸಿಲ್ ಸಲೀಸಾಗಿ ಕೆಳಗಿಳಿದರೆ ಕಾಲು ಇಂಚಿನ ಬುಡವೂ ಇಳಿಯುತ್ತದೆ, ಇಳಿಯದಿದ್ದರೆ ಆ ಬುಡದ ಬಿಟ್ಟನ್ನು ಮರೆತುಬಿಡಬೇಕು. ಪೆನ್ಸಿಲ್ ಹೋಗದೆ ಬಾಲ್‌ಪೆನ್ನಿನ ರೀಫಿಲ್ ಮಾತ್ರ ಹೋಗುತ್ತದೆಯೆಂದಾದರೆ 4 ಮಿ.ಮೀ. ಬುಡದ ಸಣ್ಣ ಬಿಟ್‌ಗಳೂ ಅವುಗಳ ಹೋಲ್ಡರಿನ ದಪ್ಪದಿಂದಾಗಿ ಸೋಲಬಹುದು. ಆಗ ತುದಿಯಿಂದ ಹಿಡಿಕೆಯವರೆಗೆ ಒಂದೇ ತೆಳುವಾದ ಕಂಬಿಯಿರುವ ಸ್ಕ್ರೂಡ್ರೈವರೇ ಬೇಕು. ನನ್ನ ಟೋಸ್ಟರಿನ ರಂಧ್ರದಲ್ಲಿ ಪೆನ್ಸಿಲ್ ಬಾಯಲ್ಲೇ ನಿಂತಿತು. ಆ ಒಂದು ಪರೀಕ್ಷೆಯಿಂದ ನೂರು ಬಿಟ್‌ಗಳ ಪೆಟ್ಟಿಗೆಯ ಖರ್ಚು ಉಳಿಯಿತು.

ತಲೆಯ ಗುರುತು

ಆಳದಲ್ಲಿರುವ ತಲೆಯನ್ನು ಕಣ್ಣಿನಿಂದ ನೋಡಿ ನಂಬಬಾರದು. ನೆರಳು ಮೋಸ ಮಾಡುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಹಿಗ್ಗಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಎರಡು ಮೂರು ಚಿತ್ರ ತೆಗೆಯುವುದು ಮೊದಲ ಹೆಜ್ಜೆ. ಅದರಲ್ಲಿಯೂ ಸ್ಪಷ್ಟವಾಗದಿದ್ದರೆ ಚಪಾತಿಗೆ ಕಲಸಿದ ಗಟ್ಟಿ ಕಣಕದ ಕಡಲೆಕಾಳಿನಷ್ಟು ಉಂಡೆಯನ್ನು ಚಪ್ಪಟೆ ತುದಿಯ ಕಡ್ಡಿಗೆ ಮೆತ್ತಿ, ಮೇಲೆ ಒಣಹಿಟ್ಟು ಸವರಿ, ರಂಧ್ರಕ್ಕಿಳಿಸಿ ಒಮ್ಮೆ ನೇರವಾಗಿ ಒತ್ತಿ ಅಲುಗಿಸದೆ ಮೇಲೆತ್ತಬೇಕು. ಕುಳಿಯ ಅಚ್ಚು ಕಣಕದ ಮೇಲೆ ಉಬ್ಬಾಗಿ ಮೂಡಿರುತ್ತದೆ. ಮೂರು ಮೂಲೆಯೋ, ಮೂರು ರೆಕ್ಕೆಯೋ, ಎರಡು ಚುಕ್ಕಿಯೋ ಎಂಬುದು ಬೆಳಕಿನಲ್ಲಿ ಕಂಡದ್ದಕ್ಕಿಂತ ಖಚಿತವಾಗಿ ತಿಳಿಯುತ್ತದೆ, ಅಳತೆಯನ್ನೂ ಹೋಲಿಸಿ ನೋಡಬಹುದು.

ಮನೆಯ ಉಪಕರಣಗಳಲ್ಲಿ ಎದುರಾಗುವ ತಲೆಗಳು ಹೆಚ್ಚಿಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಆರು ಮೊನೆಗಳ ಟಾರ್ಕ್ಸ್. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್‌ಟ್ರಾನ್ ಕಂಪನಿ ರೂಪಿಸಿದ್ದು. ಪ್ಲಸ್ ತಲೆಯ ಕುಳಿ ಇಳಿಜಾರಾಗಿರುವುದರಿಂದ ಬಲ ಹೆಚ್ಚಿದಂತೆ ಸ್ಕ್ರೂಡ್ರೈವರ್ ತಾನೇ ಮೇಲೆದ್ದು ಜಾರುತ್ತದೆ. ಟಾರ್ಕ್ಸ್‌ನ ಗೋಡೆಗಳು ನೆಟ್ಟಗಿರುವುದರಿಂದ ಹಾಗಾಗುವುದಿಲ್ಲ. ಇದರ ಕುಳಿಯ ನಡುವೆ ಒಂದು ಪುಟ್ಟ ಕಡ್ಡಿ ನಿಲ್ಲಿಸಿದರೆ ಅದೇ ಸೆಕ್ಯೂರಿಟಿ ಟಾರ್ಕ್ಸ್, ಅದಕ್ಕೆ ತುದಿಯಲ್ಲಿ ತೂತಿರುವ ಬಿಟ್ಟೇ ಬೇಕು. ಮೊನೆಯಿಂದ ಮೊನೆಗೆ ಟಿ10 ಸುಮಾರು 2.8, ಟಿ15 ಸುಮಾರು 3.3, ಟಿ20 ಸುಮಾರು 3.9 ಮಿ.ಮೀ. ಇರುತ್ತವೆ. ಅರ್ಧ ಮಿಲಿಮೀಟರಿನ ಈ ಅಂತರವನ್ನು ಕಣ್ಣು ಹಿಡಿಯದು, ಆದರೆ ಒಂದು ಅಳತೆ ಚಿಕ್ಕದಾದ ಬಿಟ್ ತಲೆಯನ್ನು ಸವೆಸಿಬಿಡುತ್ತದೆ. ಹೀಗಾಗಿ ಯಾವಾಗಲೂ ದೊಡ್ಡದರಿಂದ ಆರಂಭಿಸಿ, ಒಳಗಿಳಿಯುವ ಮೊದಲ ಬಿಟ್ಟನ್ನೇ ಬಳಸಬೇಕು.

ಇಲ್ಲೊಂದು ಭಾಷೆಯ ತೊಡಕೂ ಇದೆ. ನಮ್ಮ ಅಂಗಡಿಗಳಲ್ಲಿ ‘ಸ್ಟಾರ್’ ಎಂದರೆ ಪ್ಲಸ್ ಗುರುತಿನ ಸ್ಕ್ರೂಡ್ರೈವರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನಾನು ‘ಸ್ಟಾರ್ ಬಿಟ್ ಕೊಡಿ’ ಎಂದು ಎರಡು ಬಾರಿ ಕೇಳಿ ಎರಡು ಬಾರಿಯೂ ಪ್ಲಸ್ಸನ್ನೇ ಪಡೆದೆ. ಮೂರನೆಯ ಬಾರಿ ಮೊಬೈಲಿನ ಚಿತ್ರ ತೋರಿಸಿದಾಗ ಅಂಗಡಿಯವರು, ‘ಟಾರ್ಕ್ಸ್ ಅನ್ನಿ ಸಾರ್. ಮಧ್ಯೆ ತೂತಿರೋದು ಬೇಕಾ, ಇಲ್ದೇ ಇರೋದಾ?’ ಎಂದರು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದು ಹೋದರೆ ಅರ್ಧ ಕೆಲಸ ಮುಗಿದಂತೆ.

ಉಳಿದವುಗಳಲ್ಲಿ ತ್ರಿಕೋನದ ಕುಳಿ ಟೋಸ್ಟರ್, ಕೆಟಲ್ ಮತ್ತು ಆಟಿಕೆಗಳಲ್ಲಿ ಸಿಗುತ್ತದೆ. ಮೂರು ರೆಕ್ಕೆಯದು ಚಾರ್ಜರು ಮತ್ತು ಸಣ್ಣ ಉಪಕರಣಗಳಲ್ಲಿ. ಹಾವಿನ ಕಣ್ಣಿನಂತೆ ಎರಡು ತೂತುಗಳಿರುವುದು ಹೇರ್ ಡ್ರೈಯರುಗಳಲ್ಲಿ. ಯುರೋಪಿನ ಕೆಲವು ಕಾಫಿ ಯಂತ್ರಗಳಲ್ಲಿ ಕುಳಿಯೇ ಇರದ, ಮೊಟ್ಟೆಯಾಕಾರದ ಉಬ್ಬು ತಲೆಯ ಸ್ಕ್ರೂ ಇರುತ್ತದೆ. ಬಿಗಿಮಾಡಲು ಮಾತ್ರ ಬರುವ, ಬಿಚ್ಚುವ ದಿಕ್ಕಿನಲ್ಲಿ ಜಾರುವ ಒಂದುಮುಖದ ಸ್ಕ್ರೂಗಳನ್ನು ಉಪಕರಣಗಳಿಗಿಂತ ಸಾರ್ವಜನಿಕ ಜಾಗಗಳ ಫಲಕಗಳಲ್ಲಿಯೇ ಹೆಚ್ಚಾಗಿ ಕಾಣುತ್ತೇವೆ.

ಸಲಕರಣೆ ಸಿಗದಿದ್ದಾಗ

ಸರಿಯಾದ ಸಲಕರಣೆ ಕೊಳ್ಳಲು ಸಾಧ್ಯವಿದ್ದರೆ ಅದೇ ಉತ್ತಮ. ಆಳದ ರಂಧ್ರಕ್ಕಾಗಿ 100 ಅಥವಾ 150 ಮಿ.ಮೀ. ಉದ್ದದ, ತುದಿಯ ಕಡೆ ತೆಳುವಾದ ಗುಂಡು ಕಂಬಿಯಿರುವ ಒಂಟಿ ಬಿಟ್‌ಗಳು ಸಿಗುತ್ತವೆ. ಅವುಗಳಲ್ಲಿ ಷಟ್ಕೋನದ ಬುಡ ರಂಧ್ರದ ಹೊರಗೇ ಉಳಿಯುವುದರಿಂದ ಅಗಲದ ಸಮಸ್ಯೆ ಬರುವುದಿಲ್ಲ. ಸಿಗದಿದ್ದಾಗ ತಲೆಯ ಬಗೆಗೆ ತಕ್ಕಂತೆ ಬದಲಿ ದಾರಿಗಳಿವೆ. ಸೆಕ್ಯೂರಿಟಿ ಟಾರ್ಕ್ಸ್‌ನ ನಡುಗಡ್ಡಿಯನ್ನು ತೆಳುವಾದ ಚಪ್ಪಟೆ ಸ್ಕ್ರೂಡ್ರೈವರಿನಿಂದ ಪಕ್ಕಕ್ಕೆ ಒತ್ತಿ, ಹಿಂಬದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅನೇಕ ಬಾರಿ ಅದು ಮುರಿಯುತ್ತದೆ, ಆಮೇಲೆ ತೂತಿಲ್ಲದ ಟಾರ್ಕ್ಸ್ ಸಾಕಾಗುತ್ತದೆ. ಎರಡು ತೂತಿನ ತಲೆಗೆ, ಹಳೆಯ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯ ನಡುವೆ ಅರದಿಂದ ಕಚ್ಚು ಹಾಕಿ ಎರಡು ಹಲ್ಲು ಮಾಡಿಕೊಳ್ಳಬಹುದು. ತಲೆ ಮೇಲ್ಮಟ್ಟದಲ್ಲೇ ಇದ್ದರೆ ನೋಸ್ ಪ್ಲೇಯರಿನ ಎರಡು ತುದಿಗಳೂ ಆಗಬಹುದು. ಬಾಲ್‌ಪೆನ್ನಿನ ಕೊಳವೆಯನ್ನು ಬಿಸಿಮಾಡಿ ತಲೆಯ ಮೇಲೆ ಒತ್ತಿ ಅಚ್ಚು ತೆಗೆಯುವ ಉಪಾಯ ಮೊಟ್ಟೆಯಾಕಾರದ ಉಬ್ಬು ತಲೆಗೆ, ಅದೂ ಸಡಿಲವಾಗಿ ಕೂತ ಸ್ಕ್ರೂವಿಗೆ ಮಾತ್ರ ಒಗ್ಗುತ್ತದೆ. ಕುಳಿಯಿರುವ ತಲೆಗೆ ಅದನ್ನು ಪ್ರಯತ್ನಿಸಿದರೆ ಕರಗಿದ ಪ್ಲಾಸ್ಟಿಕ್ ಕುಳಿಯನ್ನೇ ಮುಚ್ಚಿಬಿಡುತ್ತದೆ.

ತ್ರಿಕೋನಕ್ಕೆ ನಾನು ತಿದ್ದಿಕೊಂಡದ್ದು ಅಲೆನ್ ಕೀ, ಎಂದರೆ ಇಂಗ್ಲಿಷಿನ ಎಲ್ ಆಕಾರಕ್ಕೆ ಬಗ್ಗಿಸಿದ ಆರು ಮುಖದ ಉಕ್ಕಿನ ಕಂಬಿ. 3 ಮಿ.ಮೀ. ಅಲೆನ್ ಕೀಯ ಉದ್ದದ ತೋಳು ಸಾಮಾನ್ಯವಾಗಿ 60 ಮಿ.ಮೀ.ಗಿಂತ ತುಸು ಹೆಚ್ಚಿರುತ್ತದೆ, ಆದ್ದರಿಂದ 50 ಮಿ.ಮೀ. ಆಳಕ್ಕೆ ಅದು ತಲುಪುತ್ತದೆ; ಗಿಡ್ಡ ತೋಳೇ ಹಿಡಿಕೆಯಾಗುತ್ತದೆ. ಉದ್ದ ತೋಳಿನ ತುದಿಯ ಆರು ಮುಖಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ ಮೂರು ಮುಖಗಳನ್ನು ಮಾತ್ರ ಸಮವಾಗಿ ಉಜ್ಜುತ್ತಾ ಹೋದರೆ ಉಳಿದ ಮೂರು ಮುಖಗಳು ಕಿರಿದಾಗುತ್ತಾ ಬಂದು, ಕೊನೆಗೆ ತುದಿ ತ್ರಿಕೋನವಾಗುತ್ತದೆ. 3 ಮಿ.ಮೀ. ಕೀಯಿಂದ ಗರಿಷ್ಠ 2.6 ಮಿ.ಮೀ. ಬಾಹುವಿನ ತ್ರಿಕೋನ ಬರುತ್ತದೆ. ಉಜ್ಜುವ ಉದ್ದ 4 ಮಿ.ಮೀ. ಸಾಕು. ಅಲೆನ್ ಕೀ ಗಡಸು ಉಕ್ಕಿನದಾದ್ದರಿಂದ ಸಾಮಾನ್ಯ ಅರ ನಿಧಾನವಾಗಿ ಕೆರೆಯುತ್ತದೆ. ವಜ್ರದ ಪುಡಿ ಲೇಪಿಸಿದ ಸಣ್ಣ ಅರವಿದ್ದರೆ ಕೆಲಸ ಬೇಗ. ಗ್ರೈಂಡರ್ ಬಳಸುವವರು ತುದಿಯನ್ನು ಆಗಾಗ ನೀರಿಗದ್ದಬೇಕು, ಬಿಸಿಯಾಗಿ ನೀಲಿಗಟ್ಟಿದರೆ ಉಕ್ಕು ಮೆತ್ತಗಾಗುತ್ತದೆ. ನಾನು ಪ್ರತಿ ಇಪ್ಪತ್ತು ಉಜ್ಜಿಗೊಮ್ಮೆ ಕಣಕದ ಅಚ್ಚಿನೊಂದಿಗೆ ಹೋಲಿಸಿ ನೋಡುತ್ತಾ ಒಂದು ಸಂಜೆ ಕಳೆದೆ. ಇಳಿಸಿದಾಗ ತುದಿ ಕುಳಿಯೊಳಗೆ ಕೂತ ಸಣ್ಣ ‘ಟಕ್’ ಸದ್ದು ಬೆರಳಿಗೇ ಕೇಳಿಸಿದಂತಾಯಿತು.

ತಿರುಗಿಸುವಾಗಿನ ತೊಡಕುಗಳು

ತುದಿ ಕೂತಿದೆ, ಆದರೆ ಸ್ಕ್ರೂ ಕದಲುತ್ತಿಲ್ಲ. ಇಂಥಲ್ಲಿ ಕೈಯ ಬಲದ ಹೆಚ್ಚಿನ ಪಾಲು ಕೆಳಕ್ಕೆ ಒತ್ತುವುದಕ್ಕೂ, ಸಣ್ಣ ಪಾಲು ಮಾತ್ರ ತಿರುಗಿಸುವುದಕ್ಕೂ ಹೋಗಬೇಕು. ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಮಾಡಲಾಗದು. ಮಡಿಸಿದ ಟವೆಲ್ ಹಾಸಿ ನೆಲದ ಮೇಲಿಟ್ಟು, ಭುಜವನ್ನು ಸ್ಕ್ರೂಡ್ರೈವರಿನ ನೇರಕ್ಕೆ ತಂದು ಒತ್ತಬೇಕು. ಉದ್ದದ ಕಂಬಿ ಸ್ವಲ್ಪ ವಾಲಿದರೂ ತಳದಲ್ಲಿ ತುದಿ ಕುಳಿಯಿಂದ ಎದ್ದಿರುತ್ತದೆ, ಮತ್ತು ಅದು ಕಾಣುವುದಿಲ್ಲ. ಮೊದಲು ಬಿಗಿಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಹಿಡಿತ ಬಿಡುವುದುಂಟು. ವಿದ್ಯುತ್ ಪರೀಕ್ಷಿಸುವ ಟೆಸ್ಟರನ್ನು ಇದಕ್ಕೆ ಬಳಸಬಾರದು. ಅದರ ಮೆತ್ತನೆಯ ತುದಿಯಿಂದ ನಾನೇ ಮೊದಲ ಸ್ಕ್ರೂವಿನ ಒಂದು ಮೂಲೆಯನ್ನು ಉರುಟಾಗಿಸಿದ್ದೆ.

ತುಕ್ಕು ಹಿಡಿದಿದ್ದರೆ ಡಬ್ಲ್ಯೂಡಿ-40ಯಂಥ ಎಣ್ಣೆ ನೆನಪಾಗುವುದು ಸಹಜ, ಆದರೆ ಪ್ಲಾಸ್ಟಿಕ್ ಕಂಬದೊಳಗೆ ಕೂತ ಸ್ಕ್ರೂವಿಗೆ ಅದನ್ನು ಸುರಿಯಲು ನಾನು ಒಪ್ಪುವುದಿಲ್ಲ. ಎಬಿಎಸ್ ಮತ್ತು ಪಾಲಿಕಾರ್ಬೊನೇಟಿನಂಥ ಪ್ಲಾಸ್ಟಿಕ್‌ಗಳು, ಬಿಗಿತದಲ್ಲಿರುವಾಗ ಕೆಲವು ದ್ರಾವಕಗಳು ತಾಗಿದರೆ ಬಿರುಕು ಬಿಡುತ್ತವೆ. ಜೊತೆಗೆ ಟೋಸ್ಟರಿನೊಳಗೆ ಎಣ್ಣೆ ಸೋರಿದರೆ ಮುಂದಿನ ಬಾರಿ ಕಾದಾಗ ಹೊಗೆಯೇಳುತ್ತದೆ. ಅದರ ಬದಲು ತೆಳು ತುದಿಯ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂವಿನ ತಲೆಗೆ ಇಪ್ಪತ್ತು ಮೂವತ್ತು ಸೆಕೆಂಡು ತಾಗಿಸಿ ಹಿಡಿದರೆ ಶಾಖ ಥ್ರೆಡ್ಡಿಗೆ (ಸ್ಕ್ರೂವಿನ ಸುರುಳಿ ಗೀರಿಗೆ) ಇಳಿದು ಹಿಡಿತ ಸಡಿಲವಾಗುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಪ್ಲಾಸ್ಟಿಕ್ಕಿನಲ್ಲಿ ಮೂಡಿದ ಥ್ರೆಡ್ಡೇ ಕರಗಿಹೋಗುತ್ತದೆ.

ಸ್ಕ್ರೂ ಸುಮ್ಮನೆ ಸುತ್ತುತ್ತದೆ, ಮೇಲೆ ಬರುವುದಿಲ್ಲ ಎಂದರೆ ಒಳಗಿನ ಪ್ಲಾಸ್ಟಿಕ್ ಕಂಬ ಸೀಳಿದೆ ಅಥವಾ ಥ್ರೆಡ್ ಸವೆದಿದೆ. ಕವಚದ ಸಂದಿಗೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಎರಡು ಭಾಗಗಳನ್ನು ಹಗುರವಾಗಿ ಅಗಲಿಸುತ್ತಾ ತಿರುಗಿಸಿದರೆ ಥ್ರೆಡ್ಡಿಗೆ ಮತ್ತೆ ಏನಾದರೂ ಕಚ್ಚಲು ಸಿಗುತ್ತದೆ. ಸ್ಕ್ರೂ ಸಡಿಲವಾಗಿದೆ ಆದರೆ ರಂಧ್ರದಿಂದ ಹೊರಬೀಳುತ್ತಿಲ್ಲವೆಂದರೆ ಉಪಕರಣವನ್ನು ನೆಟ್ಟಗೆ ನಿಲ್ಲಿಸಿ ತಟ್ಟಬೇಕು. ಅಥವಾ ಸ್ಕ್ರೂಡ್ರೈವರಿನ ಕಂಬಿಗೆ ಹಳೆಯ ಸ್ಪೀಕರಿನ ಕಾಂತವನ್ನು ಒಂದೇ ದಿಕ್ಕಿನಲ್ಲಿ ಹತ್ತು ಬಾರಿ ಸವರಿ ಅದನ್ನೇ ಕಾಂತವಾಗಿಸಿಕೊಳ್ಳಬಹುದು. ಹಿತ್ತಾಳೆಯ ಸ್ಕ್ರೂ ಕಾಂತಕ್ಕೆ ಅಂಟದು, ಅದಕ್ಕೆ ತುದಿಯಲ್ಲಿ ಚೂರು ಮೇಣ ಮೆತ್ತಿದರೆ ಸಾಕು.

ತಲೆ ಪೂರ್ತಿ ಸವೆದಿದ್ದರೆ ಆತುರದಿಂದ ಡ್ರಿಲ್ ಎತ್ತಿಕೊಳ್ಳಬಾರದು. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ತುದಿಗೆ ಹಚ್ಚಿದರೆ ಅದರ ಮರಳು ಎರಡು ಲೋಹಗಳ ನಡುವೆ ಕಚ್ಚಿಕೊಂಡು ಜಾರುವಿಕೆ ಕಡಿಮೆಯಾಗುತ್ತದೆ. ತುದಿಗೂ ತಲೆಗೂ ನಡುವೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯಕ್ಕಿಂತ ಇದು ಹೆಚ್ಚು ನಂಬಿಕಸ್ಥ. ಅದೂ ಸೋತರೆ, ಒಂದು ಅಳತೆ ದೊಡ್ಡದಾದ ಟಾರ್ಕ್ಸ್ ಬಿಟ್ಟನ್ನು ಸವೆದ ಕುಳಿಯೊಳಗೆ ತಟ್ಟಿ ಕೂರಿಸಿ ತಿರುಗಿಸಬಹುದು. ಕೊನೆಯ ದಾರಿಯಾಗಿ, 3 ಮಿ.ಮೀ. ಸ್ಕ್ರೂವಿಗೆ 3.5 ಅಥವಾ 4 ಮಿ.ಮೀ. ಡ್ರಿಲ್ ಬಿಟ್ಟಿನಿಂದ, ಸಾಧ್ಯವಾದರೆ ಎಡಗಡೆ ತಿರುಗುವ ಬಿಟ್ಟಿನಿಂದ, ನಿಧಾನ ವೇಗದಲ್ಲಿ ತಲೆಯನ್ನು ಮಾತ್ರ ಕೊರೆದು ತೆಗೆಯಬೇಕು. ಕವಚ ಬಿಟ್ಟ ಮೇಲೆ ಉಳಿದ ಕಡ್ಡಿಯನ್ನು ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದರೆ ಬರುತ್ತದೆ. ಕೊರೆದ ಲೋಹದ ಪುಡಿಯೆಲ್ಲವನ್ನೂ ಕಾಂತ ಮತ್ತು ಕುಂಚದಿಂದ ಹೊರತೆಗೆಯದೆ ಉಪಕರಣಕ್ಕೆ ವಿದ್ಯುತ್ ಕೊಡಬಾರದು, ಒಂದು ಸುರುಳಿ ಚೂರು ಸಾಕು ಶಾರ್ಟ್ ಆಗಲು.

ಒಳಗೆ ಕಂಡದ್ದು ಮತ್ತು ಮರುಜೋಡಣೆ

ನಾಲ್ಕೂ ಸ್ಕ್ರೂಗಳು ಬಂದ ಮೇಲೆ ಟೋಸ್ಟರಿನ ಕವಚ ಮೇಲಕ್ಕೆ ಜಾರಿ ಬಿಟ್ಟಿತು. ಅಭ್ರಕದ ಹಾಳೆಗಳಿಗೆ ಸುತ್ತಿದ ನೈಕ್ರೋಮ್ ತಂತಿ ಎಲ್ಲೂ ಕಡಿದಿರಲಿಲ್ಲ. ಲಿವರ್ ಕೆಳಗಿಳಿದಾಗ ಕೂಡಬೇಕಾದ ಎರಡು ಕಾಂಟ್ಯಾಕ್ಟ್ ಪಟ್ಟಿಗಳ ನಡುವೆ ಕರಿಬೇವಿನ ಕಡ್ಡಿಯಷ್ಟು ತೆಳುವಾದ, ಸುಟ್ಟು ಇದ್ದಿಲಾದ ಬ್ರೆಡ್ಡಿನ ಎಳೆಯೊಂದು ಅಡ್ಡ ಕೂತಿತ್ತು. ಅದನ್ನು ತೆಗೆದು, ಕಪ್ಪಾದ ಪಟ್ಟಿಗಳನ್ನು ನಯವಾದ ಎಮರಿ ಕಾಗದದಿಂದ ಒಂದೆರಡು ಬಾರಿ ಒರೆಸಿದಾಗ ಮೀಟರ್ 66 ಓಮ್ ತೋರಿಸಿತು.

ಮುಚ್ಚುವಾಗ ಹಳೆಯ ಸ್ಕ್ರೂಗಳನ್ನೇ ಹಾಕಬೇಕೆಂದಿಲ್ಲ. ನಾನು ಅದೇ ಉದ್ದದ, ಅದೇ ಅಗಲ ಥ್ರೆಡ್ಡಿನ ಪ್ಲಸ್ ಸ್ಕ್ರೂಗಳನ್ನು ಹಾಕಿದೆ. ಮುಂದಿನ ಬಾರಿ ಯಾರೇ ಬಿಚ್ಚಿದರೂ ಕಷ್ಟವಾಗದು. ಉದ್ದ ಮಾತ್ರ ಒಂದು ಮಿಲಿಮೀಟರೂ ಹೆಚ್ಚಿರಬಾರದು, ಹೆಚ್ಚಿದರೆ ತುದಿ ಒಳಗಿನ ತಂತಿಗೆ ತಾಗಬಹುದು. ಪ್ಲಾಸ್ಟಿಕ್ ಕಂಬದಲ್ಲಿ ಈಗಾಗಲೇ ಥ್ರೆಡ್ ಮೂಡಿರುವುದರಿಂದ, ಸ್ಕ್ರೂವನ್ನು ಇಳಿಸಿದ ಮೇಲೆ ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಬೇಕು. ಒಂದೆಡೆ ಅದು ಹಳೆಯ ಥ್ರೆಡ್ಡಿನೊಳಗೆ ತುಸು ಕುಸಿದದ್ದು ಬೆರಳಿಗೆ ತಿಳಿಯುತ್ತದೆ, ಅಲ್ಲಿಂದ ಬಿಗಿಮಾಡಿದರೆ ಹೊಸ ಗೀರು ಬೀಳುವುದಿಲ್ಲ. ತಡೆ ಸಿಕ್ಕೊಡನೆ ನಿಲ್ಲಿಸಬೇಕು.

ಪ್ಲಗ್ ಹಾಕುವ ಮೊದಲು ಮೂರು ಅಳತೆಗಳು ಆಗಲೇಬೇಕು. ಅರ್ತ್ ಪಿನ್ ಮತ್ತು ಉಪಕರಣದ ಬರಿಯ ಲೋಹದ ಭಾಗದ ನಡುವೆ ಸೊನ್ನೆಗೆ ಹತ್ತಿರ. ಅರ್ತ್ ಪಿನ್ ಮತ್ತು ಉಳಿದ ಎರಡು ಪಿನ್‌ಗಳ ನಡುವೆ, ಲಿವರ್ ಒತ್ತಿದ್ದರೂ ಬಿಟ್ಟಿದ್ದರೂ, ಏನೂ ಇಲ್ಲ. ಎರಡು ಪಿನ್‌ಗಳ ನಡುವೆ ವ್ಯಾಟಿನ ಲೆಕ್ಕದ ಓಮ್. ಮೊದಲ ಬಾರಿ ನೇರವಾಗಿ ಸಾಕೆಟ್ಟಿಗೆ ಹಾಕದೆ, ರಿಪೇರಿ ಅಂಗಡಿಗಳಲ್ಲಿ ಮಾಡುವಂತೆ 100 ವ್ಯಾಟಿನ ತಂತಿ ಬಲ್ಬನ್ನು ಸೀರೀಸ್‌ನಲ್ಲಿಟ್ಟ (ವಿದ್ಯುತ್ ಬಲ್ಬಿನ ಮೂಲಕವೇ ಹಾದುಹೋಗುವ) ಬೋರ್ಡಿಗೆ ಹಾಕಿ, ಲಿವರನ್ನು ಕೈಯಿಂದಲೇ ಒತ್ತಿ ಹಿಡಿಯಬೇಕು. ಒಳಗೆ ನೇರ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ, ಮನೆಯ ಫ್ಯೂಸ್ ಉಳಿಯುತ್ತದೆ. ಆದರೆ ಟೋಸ್ಟರಿನ 66 ಓಮ್ ಕೂಡ ಕಾದ ಬಲ್ಬಿನ ಓಮ್‌ಗಿಂತ ಎಷ್ಟೋ ಕಡಿಮೆಯಾದ್ದರಿಂದ ಸರಿಯಿರುವ ಟೋಸ್ಟರಿನಲ್ಲಿಯೂ ಬಲ್ಬು ಚೆನ್ನಾಗಿಯೇ ಬೆಳಗುತ್ತದೆ. ಆ ಕಾರಣಕ್ಕೆ ಕಾಯುವ ಉಪಕರಣಗಳಲ್ಲಿ ಬಲ್ಬಿನ ಬೆಳಕಿಗಿಂತ ಮೀಟರಿನ ಮೂರು ಅಳತೆಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಅಲೆನ್ ಕೀಯನ್ನು ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ‘ತ್ರಿಕೋನ, 50 ಮಿ.ಮೀ. ಆಳ, ಪೆನ್ಸಿಲ್ ಹೋಗದು’ ಎಂದು ಚೀಟಿ ಬರೆದು, ತೆಗೆದ ನಾಲ್ಕು ಸ್ಕ್ರೂಗಳ ಜೊತೆ ಸಲಕರಣೆ ಡಬ್ಬಿಯಲ್ಲಿ ಇಟ್ಟಿದ್ದೇನೆ.